ಮಾರ್ಗರೆಟ್‌ಳ ಮಕ್ಕಳು

"ಈ ಮೂರು ಚೌಕ ತೆಗೆದುಬಿಡಿ, ರತ್ನಾ," ಎಂದು ಗೆಡ್ಡಿಸ್ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟರು. "ಹೆಸರೇ ಇಲ್ಲದವರನ್ನು ಹಾಕಿ ಏನು ಪ್ರಯೋಜನ? ಚಾರ್ಟ್ ಒಂದೇ ಹಾಳೆಯಲ್ಲಿ ಹಿಡಿಸಬೇಕು."

ದೋಹಾದ ಆ ಇಂಜಿನಿಯರಿಂಗ್ ಕಚೇರಿಯಲ್ಲಿ ರತ್ನಪ್ರಭಾ ಗೆಡ್ಡಿಸರ ಸೆಕ್ರೆಟರಿ. ಗೆಡ್ಡಿಸ್ ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳುವವರಿದ್ದರು. ಅಲ್ಲಿ ಸೇರಲಿರುವ ನೆಂಟರಿಗೆ ತೋರಿಸಲು ವಂಶವೃಕ್ಷ ಬೇಕಿತ್ತು. ಕಣ್ಣು ಮಂಜಾಗಿ ಹಳೆಯ ಕೈಬರಹ ಅವರಿಗೆ ಓದಲಾಗುತ್ತಿರಲಿಲ್ಲ. ಮೈಸೂರಿನಲ್ಲಿ ಇತಿಹಾಸ ಓದಿದ್ದ ರತ್ನಪ್ರಭಾ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಜನಗಣತಿಯ ಹಾಳೆ, ಜನನ ಮರಣದ ದಾಖಲೆಗಳನ್ನೆಲ್ಲ ಜಾಲಾಡಿದ್ದಳು.

ಅಬರ್ಡೀನ್ ಸೀಮೆಯಲ್ಲಿ ಜಮೀನ್ದಾರನ ನೆಲವನ್ನು ಗೇಣಿಗೆ ಹಿಡಿದು ಓಟ್ಸ್ ಬೆಳೆಯುತ್ತಿದ್ದ ಪೂರ್ವಜ ಜೇಮ್ಸ್ ಗೆಡ್ಡಿಸ್, ಅವನ ಹೆಂಡತಿ ಮಾರ್ಗರೆಟ್. 1861ರ ಗಣತಿಯಲ್ಲಿ ಇಬ್ಬರು ಮಕ್ಕಳು, ಆಳುಕಾಳು, ಮನೆ ತುಂಬ ಜನ. ಹತ್ತು ವರ್ಷ ಕಳೆದು ನೋಡಿದರೆ ಅದೇ ಹೊಲಕ್ಕೆ ಬೇರೆ ಯಾರೋ ಒಕ್ಕಲು. ಜೇಮ್ಸ್ ಪಕ್ಕದೂರಿನಲ್ಲಿ ಕೂಲಿ. ನಡುವೆ ಮೂರು ಕೂಸುಗಳ ಸಾವು. ಹೆಸರಿನ ಜಾಗದಲ್ಲಿ ಬರೀ ಗೀಟು, ವಯಸ್ಸು ಗಂಟೆಗಳ ಲೆಕ್ಕದಲ್ಲಿ. ಕೊನೆಯದರ ಕೆಳಗೆ ಗಂಡನ ಸಹಿಯಿರಲಿಲ್ಲ. ಅಕ್ಷರ ಬಾರದ ಮಾರ್ಗರೆಟ್ ತಾನೇ ಬಂದು, ಸೊಟ್ಟಗೆ ಒಂದು ಕತ್ತರಿ ಗುರುತು ಹಾಕಿ ಹೋಗಿದ್ದಳು.

"ಹುಟ್ಟಿದ್ದಂತೂ ನಿಜ ಅಲ್ವಾ ಸರ್? ತಾಯಿಯೇ ಹೋಗಿ ಬರೆಸಿದ್ದಾಳೆ."

"ಅದು ನನ್ನ ಕುಟುಂಬ, ರತ್ನಾ. ನಿಮ್ಮದಲ್ಲ."

ಗದರಿದ ದನಿಯೇನಲ್ಲ, ದಣಿದ ದನಿ. ಅವಳು ಒಂದೊಂದಾಗಿ ಅಳಿಸಿದಳು. ಮೂರನೆಯದು ಹೋದದ್ದೇ ಗೆರೆಗಳು ತಾವಾಗಿಯೇ ಸರಿದು ಒತ್ತಾಗಿ ಕೂತವು. ಮಾರ್ಗರೆಟ್ ಹೆತ್ತದ್ದೇ ಇಬ್ಬರನ್ನು ಎಂಬಂತೆ. ಗೆಡ್ಡಿಸ್ "ಈಗ ಅಚ್ಚುಕಟ್ಟಾಯಿತು" ಎಂದರು.

ಸಂಜೆ ಅಲ್ ವಕ್ರಾದ ಮನೆಗೆ ಬಂದಾಗ ಗಂಡ ಮುದ್ದುಕೃಷ್ಣ ಆಗಲೇ ಸಾರಿಗೆ ಬೇಳೆ ಇಟ್ಟಿದ್ದ. ಅವಳು ಬ್ಯಾಗನ್ನೂ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ರೀ, ಮಗೂನ ಎಲ್ಲಿ ಮಣ್ಣು ಮಾಡಿದ್ರಿ?"

ನಾಲ್ಕು ವರ್ಷದಿಂದ ಆ ಮಾತು ಮನೆಯೊಳಗೆ ಸುಳಿದಿರಲಿಲ್ಲ. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು ಒಂದು ರಾತ್ರಿ ಕಳೆಯಲಿಲ್ಲ. ರತ್ನಪ್ರಭಾಗೆ ಆಪರೇಷನ್ನಿನ ಮಂಪರು ಇಳಿಯುವಷ್ಟರಲ್ಲಿ ಮುದ್ದುಕೃಷ್ಣ, ಆಫೀಸಿನವರೊಬ್ಬರ ಜೊತೆ ಹೋಗಿ ಎಲ್ಲ ಮುಗಿಸಿ ಬಂದಿದ್ದ. ಹೆಸರಿಡದ ಕೂಸಿಗೆ ಕ್ರಿಯೆಯಿಲ್ಲ, ನೆನೆಸಿಕೊಂಡು ಕೊರಗಬೇಡಿ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು.

"ಯಾಕೀಗ ಅದೆಲ್ಲ?"

"ಹೇಳ್ರಿ."

"ಊರಾಚೆ. ಮುಸ್ಲಿಮರಲ್ಲದ ನಮ್ಮಂಥೋರಿಗೆ ಅಂತ ಒಂದು ಜಾಗ ಇದೆ."

"ಕರ್ಕೊಂಡ್ ಹೋಗಿ."

"ಅಲ್ಲೇನಿದೆ ರತ್ನಾ? ಬರೀ ಮರಳು ಕಣೇ."

"ಇರ್ಲಿ. ನಾನು ಮುಖಾನೂ ನೋಡ್ಲಿಲ್ವಲ್ಲ."

ಅವನು ಒಲೆ ಆರಿಸಿದ. ಸೌಟನ್ನು ತಟ್ಟೆಯ ಮೇಲಿಟ್ಟ.

"ನಿನ್ ಥರಾನೇ ಇತ್ತು," ಎಂದ. "ಹಣೆ ಅಗಲ."

ಶುಕ್ರವಾರ ಬೆಳಿಗ್ಗೆಯೇ ಹೊರಟರು. ಸ್ಮಶಾನದ ಗೇಟಿನ ಕಾವಲುಗಾರ ಏನೂ ಕೇಳದೆ ಒಳಗೆ ಬಿಟ್ಟ. ಗೋಡೆಯುದ್ದಕ್ಕೂ ಮೊಳದುದ್ದದ ದಿಬ್ಬಗಳು, ತಲೆಯ ಕಡೆ ಒಂದೊಂದು ಸಿಮೆಂಟ್ ಇಟ್ಟಿಗೆಯ ಚೂರು. ಮೊದಲು ನೆಟ್ಟಗೆ, ದಾರಿ ಬಲ್ಲವನಂತೆ ನಡೆದ ಮುದ್ದುಕೃಷ್ಣ ಬರಬರುತ್ತ ನಿಧಾನವಾದ. ಹಿಂದಕ್ಕೆ ಬಂದು ಮತ್ತೆ ಗೋಡೆಯಿಂದ ಎಣಿಸಿದ.

"ಆಗ ಇಷ್ಟೊಂದು ಇರ್ಲಿಲ್ಲ ರತ್ನಾ." ಎರಡು ದಿಬ್ಬಗಳ ನಡುವೆ ನಿಂತುಬಿಟ್ಟ. "ಇದೇ ಇರ್ಬೇಕು... ಅಲ್ಲ, ಅದು. ನಾನೇ ಕೈಯಾರೆ ಮಲಗ್ಸಿದ್ದು ಕಣೇ. ನಂಗೆ ಗೊತ್ತಾಗ್ತಿಲ್ಲ."

ಅವನು ಅಲ್ಲೇ ಕುಕ್ಕರಿಸಿ ಮೊಣಕಾಲಲ್ಲಿ ಮುಖ ಹುದುಗಿಸಿದ. ಬಿಸಿಲು ಏರುತ್ತಿತ್ತು. ರತ್ನಪ್ರಭಾ ದುಪಟ್ಟಾವನ್ನು ಸೊಂಟಕ್ಕೆ ಸುತ್ತಿ ಒಂದು ದಿಬ್ಬದ ಪಕ್ಕ ಕೂತಳು. ಗಾಳಿಗೆ ಬಂದು ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರ್ ಬಿಡಿಸಿ ತೆಗೆದಳು; ವಾಲಿದ್ದ ಇಟ್ಟಿಗೆಯನ್ನು ನೆಟ್ಟಗೆ ಮಾಡಿ ಸುತ್ತಲಿನ ಮರಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಆಮೇಲೆ ಏಳದೆಯೇ, ಇನ್ನೊಂದರ ಕಡೆಗೆ ಸರಿದಳು.