ಮೂಸೆಗೆ ಬಿದ್ದ ಹೆಪ್ಪು

ಎಂಜಿನ್ನು ನೂರಾಹನ್ನೊಂದನೆಯ ಗಂಟೆಯಲ್ಲಿ ಟಕ್ ಟಕ್ ಎಂದು, ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ ಸದ್ದು ಮಾಡಿತು. ಸರಳಾ ಓಡಿಹೋಗಿ ಡೀಸೆಲ್ ನಿಲ್ಲಿಸಿದಳು.

ಅಟ್ಟೂರಿನಲ್ಲಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಸರಳಾಳ ಮನೆಯವರ ಶೆಡ್ಡು ಇದೆ. ಪಿಯುಸಿಯಲ್ಲಿ ಸರಳಾ ನನ್ನ ಕೆಮಿಸ್ಟ್ರಿ ವಿದ್ಯಾರ್ಥಿನಿ. ಎಂಜಿನಿಯರಿಂಗ್ ಮುಗಿಸಿದವಳೇ ತಂದೆ ಆನಂದಪ್ಪನವರ ಕೆಲಸಕ್ಕೆ ಕೈಹಾಕಿದಳು. ಚಿಕ್ಕಜಾಲದ ಆಚೆಯ ಕಲ್ಲು ಕ್ರಷರುಗಳ ಹಳೆಯ ಡೀಸೆಲ್ ಎಂಜಿನ್ನುಗಳಿಗೆ ಬೇರಿಂಗ್ ಎರೆದುಕೊಡುವುದು ಅವರ ಕಸುಬು. ಉಕ್ಕಿನ ದಂಡ ತಿರುಗುವ ಜಾಗಕ್ಕೆ ಮೆದುವಾದ ಬಿಳಿ ಲೋಹದ ಒಳಹೊದಿಕೆ ಬೇಕು. ದಂಡ ಸವೆಯಬಾರದು, ಹೊದಿಕೆಯೂ ಬಿರಿಯಬಾರದು. ಅವಳ ತಾತನ ಕಾಲದ ಲೋಹ ಆರು ತಿಂಗಳಿಗೆ ಕೈಕೊಡುತ್ತಿತ್ತು. ಎರಡು ವರ್ಷ ಬಾಳುವ ಲೋಹ ಮಾಡುತ್ತೇನೆಂದು ಸರಳಾ ಮೂರು ವರ್ಷದಿಂದ ಹಟ ಹಿಡಿದಿದ್ದಳು. ಶೆಡ್ಡಿನ ಎಂಜಿನ್ನಿನಲ್ಲಿ ಇನ್ನೂರು ಗಂಟೆ ಓಡಿದರೆ ಅವಳು ಗೆದ್ದಂತೆ. ಮೊದಲ ಸಲ ತೊಂಬತ್ತು ಗಂಟೆಗೇ ಕೆಟ್ಟಿತ್ತು. ಇದು ಎರಡನೆಯದು.

ಬಿಚ್ಚಿ ನೋಡಿದರೆ ಬಿಳಿ ಹೊದಿಕೆ ಒಡೆದ ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು.

"ಲೆಕ್ಕ ಸರಿ ಇದೆ ಕಣಪ್ಪಾ!" ಎಂದಳು ಸರಳಾ.

"ಸರಿ ಇದ್ರೆ ಎಂಜಿನ್ನಿಗೆ ಹೇಳು, ನಂಗ್ಯಾಕೆ ಹೇಳ್ತೀಯ?" ಆನಂದಪ್ಪ ಒಡೆದ ಚೂರನ್ನು ಬೆರಳಲ್ಲಿ ತಿರುಗಿಸಿದರು. "ಇನ್ನೊಂದೇ ಸಲ ಕಣಮ್ಮಾ. ಅದೂ ಇಂಗೇ ಆದ್ರೆ ನಮ್ಮಪ್ಪನ ಮೆಟಲ್ಲೇ ಗತಿ. ಗಿರಾಕಿಗಳು ಎಷ್ಟ್ ದಿನ ಕಾಯ್ತಾರೆ?"

ಒಂದೇ ಸಲ ಎಂದರೆ ಅವರಲ್ಲಿ ಒಂದೇ ಸಲ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೊಗೆ ತಾಗದ ಕಡೆ ನನಗೊಂದು ಕುರ್ಚಿ ಹಾಕಿ, ಅದರ ಮೇಲೆ ಮಡಿಸಿದ ಗೋಣಿಚೀಲ ಇಟ್ಟಿತ್ತು. ಇಟ್ಟವರು ಆನಂದಪ್ಪ. ಕೇಳಿದರೆ ಒಪ್ಪುವುದಿಲ್ಲ. ಸರಳಾ ತವರ, ಆಂಟಿಮನಿ, ತಾಮ್ರಗಳನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದಳು. ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದಳು. ಅದರಲ್ಲಿ ಲೋಹದ ಹರಳುಗಳ ಪುಟ್ಟ ಬಿಳಿ ಚೌಕಗಳು, ಅವುಗಳ ನಡುವೆ ಹೆಣೆದುಕೊಂಡ ಸೂಜಿಗಳು.

"ತಾಮ್ರ ಹಾಕಿದ್ರೆ ಈ ಸೂಜಿಗಳು ಬರುತ್ವೆ ಮಿಸ್. ಇವು ಹಿಡ್ಕೊಳ್ಳದಿದ್ರೆ ಚೌಕಗಳೆಲ್ಲ ಎಣ್ಣೆಯಲ್ಲಿ ಹಪ್ಪಳ ತೇಲ್ದಂಗೆ ಮೇಲಕ್ಕೆ ಬಂದ್ಬಿಡ್ತವೆ!"

ಮೂಸೆಯಲ್ಲಿ ಲೋಹ ಕರಗಿ ಕನ್ನಡಿಯಾಯಿತು. ಥರ್ಮಾಮೀಟರ್ ಇದ್ದರೂ ಆನಂದಪ್ಪ ಪೊರಕೆಕಡ್ಡಿಯೊಂದನ್ನು ಅದ್ದಿ ನೋಡಿದರು. ಕಡ್ಡಿ ಉರಿಯದೆ ಕಂದುಬಣ್ಣಕ್ಕೆ ತಿರುಗಿತು. ಶಾಖ ಸರಿಯಿದೆಯೆಂದು ತಲೆಯಾಡಿಸಿ, ಅಂಗಿಯ ಜೇಬಿನಿಂದ ಅಡಿಕೆ ಗಾತ್ರದ ಬೂದುಬಣ್ಣದ ತುಣುಕೊಂದನ್ನು ತೆಗೆದು ಕಣ್ಣಿಗೊತ್ತಿಕೊಂಡು ಮೂಸೆಗೆ ಹಾಕಿ, ಕೈ ತೊಳೆಯಲು ಹೋದರು.

"ಅದೇನೇ?" ಎಂದೆ.

"ಹೆಪ್ಪು ಮಿಸ್. ತಾತ ಕೊನೇದಾಗಿ ಕರಗಿಸಿದ ಮೆಟಲ್‌ದು ಒಂದು ಗಟ್ಟಿ ಇದೆ. ಪ್ರತಿ ಮೂಸೆಗೂ ಅದ್ರಲ್ಲಿ ಒಂಚೂರು ಕಡ್ದು ಹಾಕ್ತಾರೆ. ತಾತನೂ ಅವರಪ್ಪನ ಗಟ್ಟಿಯಿಂದ ಹಂಗೇ ಹಾಕ್ತಿದ್ರಂತೆ."

"ನಿನ್ನ ನೋಟ್‌ಬುಕ್ಕಲ್ಲಿ ಇದೆಯಾ?"

"ಅದನ್ನ ಯಾರಾದ್ರೂ ಬರೀತಾರಾ? ಒಲೆ ಹಚ್ಚೋವಾಗ ಕೈ ಮುಗಿದಿದ್ದನ್ನ ಬರೀತೀವಾ…" ಸರಳಾಳ ಮಾತು ಅಲ್ಲೇ ನಿಂತಿತು. "ಮಿಸ್! ತಾತನ ಮೆಟಲ್ಲಲ್ಲಿ ಮುಕ್ಕಾಲು ಪಾಲು ಸೀಸ!"

ಮೂವತ್ತೊಂದು ವರ್ಷ ಪಾಠ ಮಾಡಿದ್ದರೂ ಬೋರ್ಡಿನ ಮುಂದೆ ಇಂಥ ಕ್ಷಣ ನನಗೆ ಸಿಕ್ಕಿರಲಿಲ್ಲ. ಶಾಖ ಸರಿ ಬಂದಿಲ್ಲವೆಂದು ತಂದೆಗೆ ನೆಪ ಹೇಳಿ ಸರಳಾ ಆ ಮೂಸೆಯನ್ನು ಪಕ್ಕಕ್ಕಿಟ್ಟಳು. ಒಡೆದ ಬೇರಿಂಗಿನ ಚೂರನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನಾನು ಆಟೋ ಹತ್ತಿದೆ.

ಯಶವಂತಪುರದಲ್ಲಿ ಲೋಹ ಪರೀಕ್ಷಿಸುವ ಲ್ಯಾಬಿನಲ್ಲಿ ಅಸ್ಮಾ ಇದ್ದಾಳೆ. ಅವಳೂ ನನ್ನ ಹಳೆಯ ವಿದ್ಯಾರ್ಥಿನಿ. ವಾರ ಹಿಡಿಯುತ್ತದೆ ಎಂದವಳು ಅಂದೇ ಮಧ್ಯಾಹ್ನ ಎರಡೂವರೆಗೇ ಫೋನ್ ಮಾಡಿದಳು.

"ಸೀಸ ಒಂದೂವರೆ ಪರ್ಸೆಂಟ್ ಮಿಸ್! ಇಂಥ ತವರದ ಮೆಟಲ್ಲಲ್ಲಿ ಅರ್ಧ ಕೂಡ ದಾಟಬಾರದು!"

"ಇಷ್ಟು ಬೇಗ ಹೆಂಗಾಯ್ತೇ?"

"ಊಟದ ಟೈಮಲ್ಲಿ ಮಾಡ್ದೆ. ಈಗ ಡಬ್ಬಿ ತೆಗೀತೀನಿ ಬಿಡಿ."

ಕಾರಣ ತಿಳಿಯಿತು. ತಾತನ ಲೋಹದಲ್ಲಿ ಸೀಸ ಮನೆಯವನೇ. ಸರಳಾಳ ಲೋಹದಲ್ಲಿ ಅದು ಕಣಗಳ ಸಂದಿಯಲ್ಲಿ ಕೂತು, ಎಂಜಿನ್ನು ಬಿಸಿಯಾದಾಗ ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ. ಬಿರುಕು ಅಲ್ಲಿಂದಲೇ ಶುರು.

ಆದರೆ ಆನಂದಪ್ಪನವರಿಗೆ ಹೇಳುವವರು ಯಾರು?

"ನಂಗಾಗಲ್ಲ ಮಿಸ್. ಅಪ್ಪ ಚಿಕ್ಕಬಾಣಾವರಕ್ಕೆ ಹೋದ ದಿನ ಎರೆದ್ಬಿಡ್ತೀನಿ."

"ಕದ್ದು ಗೆದ್ದರೆ ನಿನಗೇ ಖುಷಿ ಆಗಲ್ಲ" ಎಂದು ನಾನೇ ಹೋದೆ. ಆನಂದಪ್ಪ ಹಿತ್ತಲಿನ ನಲ್ಲಿಯ ಹತ್ತಿರ ಸೌಟು ಉಜ್ಜುತ್ತಿದ್ದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಹೆಪ್ಪು ತಪ್ಪಲ್ಲ, ಹಾಲು ಬೇರೆಯಾಗಿದೆ ಅಷ್ಟೇ ಎಂದೆ.

ಅವರು ನಲ್ಲಿ ನಿಲ್ಲಿಸಿದರು.

"ಅಂದ್ರೆ ಟೀಚರಮ್ಮ, ಎರಡ್ ಸಲಾನೂ ಹುಳಿ ಹಿಂಡಿದೋನು ನಾನೇ?"

"ಪ್ರೀತಿಯಿಂದ ಹಿಂಡಿದ್ರಿ."

"ಹಿಂಡಿದ್ದು ಹಿಂಡಿದ್ದೇ ಬಿಡಿ." ನಗಲು ನೋಡಿದರು, ಆಗಲಿಲ್ಲ. ಸೌಟು ಬೋರಲು ಹಾಕಿ ಒಳಗೆ ಹೋದರು. ಎರಡು ದಿನ ಶೆಡ್ಡಿನ ಕಡೆ ಬರಲೇ ಇಲ್ಲ.

ಮೂರನೆಯ ದಿನ ಸರಳಾ ಹೊಸ ಮೂಸೆ ಕಾಯಿಸಿದಳು. ಲೋಹ ಕರಗುವ ಹೊತ್ತಿಗೆ ಆನಂದಪ್ಪ ಬಂದರು. ಕಡ್ಡಿ ಅದ್ದಿದರು. ಕೈ ಜೇಬಿಗೆ ಹೋಯಿತು. ಆ ಬೂದು ತುಣುಕು ಹೊರಗೆ ಬಂತು. ಸರಳಾ ನನ್ನ ಕೈ ಹಿಡಿದಳು. ತುಣುಕನ್ನು ಕಣ್ಣಿಗೊತ್ತಿಕೊಂಡ ಆನಂದಪ್ಪ, ಅದನ್ನು ಮೂಸೆಯ ಹೊರಮೈಗೆ ಇಕ್ಕಳದಲ್ಲಿ ಒಮ್ಮೆ ಮುಟ್ಟಿಸಿ ಕೆಳಗಿಟ್ಟರು.

"ಏನ್ ನೋಡ್ತಿದೀಯ? ಎರಿಯಮ್ಮಾ, ಆರೋಗ್ತದೆ!"

ದಿನಕ್ಕೆ ಎಂಟು ಗಂಟೆ ಎಂಜಿನ್ನು ಓಡಿತು. ಗಂಟೆಗೊಂದು ಸೀಮೆಸುಣ್ಣದ ಗೆರೆ ಗೋಡೆಯ ಮೇಲೆ ಬಿತ್ತು. ತೊಂಬತ್ತು ದಾಟಿತು. ನೂರಾಹನ್ನೊಂದನೆಯ ಗಂಟೆಯಲ್ಲಿ ಯಲಹಂಕದ ವಾಯುನೆಲೆಯ ಯುದ್ಧವಿಮಾನವೊಂದು ತಲೆಯ ಮೇಲೇ ಗುಡುಗುತ್ತಾ ಹೋಗಿ ಎಂಜಿನ್ನಿನ ಸದ್ದೇ ಕೇಳದಂತಾಯಿತು. ಆನಂದಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡರು. ನಾವಿಬ್ಬರೂ ಅವರ ಮುಖವನ್ನೇ ನೋಡಿದೆವು. ಅವರು ಹೆಬ್ಬೆರಳು ಎತ್ತಿದರು.

ನೂರೈವತ್ತು. ನೂರೆಂಬತ್ತು. ಕೊನೆಯ ದಿನ ನಾನು ಮನೆಯ ಕುಕ್ಕರನ್ನೂ ಮರೆತು ಅಲ್ಲೇ ಕೂತಿದ್ದೆ. ಇನ್ನೂರನೆಯ ಗೆರೆ ಎಳೆದ ಸರಳಾ ಎಂಜಿನ್ನು ನಿಲ್ಲಿಸಿ, ಆರುವವರೆಗೂ ಶೆಡ್ಡಿನ ಸುತ್ತ ತಿರುಗಿದಳು. ಬೋಲ್ಟುಗಳನ್ನು ಆನಂದಪ್ಪನವರೇ ಬಿಚ್ಚಿದರು. ಎಣ್ಣೆ ಒರೆಸಿ ಹೆಬ್ಬೆರಳು ಆಡಿಸಿದರು. ಬೇರಿಂಗ್ ನುಣ್ಣಗೆ, ಬೆಳ್ಳಿಬಟ್ಟಲಿನ ಒಳಮೈಯಂತೆ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ.

"ಅಪ್ಪಾ!" ಸರಳಾ ಕುಣಿದೇಬಿಟ್ಟಳು. ನಾನೂ ಚಪ್ಪಾಳೆ ತಟ್ಟಿದೆ.

ಆನಂದಪ್ಪ ಮೂಲೆಗೆ ಹೋಗಿ, ಈ ಸಲದ ಮೂಸೆಯಲ್ಲಿ ಉಳಿದು ಗಟ್ಟಿಯಾಗಿದ್ದ ಬಿಳಿ ಲೋಹವನ್ನು ತಂದು ಮಗಳ ಮುಂದಿಟ್ಟರು. ಜೊತೆಗೆ ಉಳಿ, ಸುತ್ತಿಗೆ.

"ಮುಂದಿನ್ ಮೂಸೆಗೆ ಇದ್ರದ್ದೇ ಹೆಪ್ಪು. ನೀನೇ ಕಡಿ."

ಸರಳಾ ಕಣ್ಣು ಒರೆಸಿಕೊಂಡು ಅಡಿಕೆ ಗಾತ್ರದ ತುಣುಕು ಕಡಿದು ಜೇಬಿಗೆ ಹಾಕಿಕೊಳ್ಳಲು ಹೋದಳು.

"ಏಯ್, ಮೊದ್ಲು ತೂಕ ಹಾಕು!" ಎಂದರು ಆನಂದಪ್ಪ. "ಬರ್ಕೊಂಡ್ ಆಮೇಲೆ ಜೇಬಿಗಾಕು."