ಎಡಕ್ಕೆ ಹೋಗಬೇಕಾದ ಕಾಲು

ಟೈಲರಕ್ಕನ ಕಾಲು ಈ ಸಲವೂ ಅವಳ ಮಾತು ಕೇಳಲಿಲ್ಲ.

ಕರಾಟೆಯ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ನಿಂತು ಕಟಾ ಮಾಡಿ ತೋರಿಸಬೇಕು. ಏಟು, ತಡೆ, ತಿರುವುಗಳನ್ನು ಒಂದು ಕ್ರಮದಲ್ಲಿ ಪೋಣಿಸಿದ ಪಾಠ ಅದು. ಶುರುವಾಗುವುದು ಎಡಕ್ಕೆ ತಿರುಗುವುದರಿಂದ. ಅವಳು ಬಲಕ್ಕೆ ತಿರುಗಿದಳು. ಮಾಸ್ಟರು "ಸಾಕು" ಅಂದರು. ಹಿಂದಿನ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಸಾಲಿನಲ್ಲಿ ನಿಂತಾಗ ಮುಂದಿನವರ ಬೆನ್ನು ನೋಡಿಕೊಂಡು ಸರಿಯಾಗಿಯೇ ಮಾಡುತ್ತಿದ್ದಳು. ಒಬ್ಬಳೇ ನಿಂತರೆ ಮೈ ತನ್ನ ಪಾಡಿಗೆ ಎತ್ತಲೋ ಹೋಗುತ್ತಿತ್ತು. ಪಾಸಾದವರಿಗೆ ಸಿಗುವ ಕಿತ್ತಳೆ ಬೆಲ್ಟು ಪಕ್ಕದವಳ ಸೊಂಟ ಸೇರಿತು.

ಅಭ್ಯಾಸ ಮಾಡಿರದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ದಿನಾ ಅಂಗಡಿ ಮುಚ್ಚಿ ಬಂದು, ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ, ಫೋನನ್ನು ಬೀರುವಿಗೆ ಒರಗಿಸಿ, ಮಾಸ್ಟರ ವಿಡಿಯೋ ನೋಡಿಕೊಂಡು ಮಾಡಿದ್ದೇ ಮಾಡಿದ್ದು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

"ಈ ವಯಸ್ಸಲ್ಲಿ ಕಾಲೆತ್ತೋದು ಕಲಿತು ಯಾರನ್ನ ಒದಿಬೇಕಮ್ಮ?" ಅತ್ತೆ ಕೇಳಿದರು.

"ನಿಮ್ಮನ್ನಂತೂ ಅಲ್ಲ ಬಿಡಿ ಅತ್ತೆ. ಹೆದರಬೇಡಿ."

"ಹೆದರೋದಾ? ನೀನು ಈ ಕಡೆ ಒದ್ರೆ ಏಟು ಆ ಕಡೆ ಬೀಳುತ್ತೆ. ನಾನು ಎದುರಿಗೇ ಕೂತ್ಕೋತೀನಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಮರುದಿನ ಸಂಜೆ ಕರಾಟೆಯ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿ, ಮಡಚಿ, ಚೀಲಕ್ಕೆ ತುಂಬಿಕೊಂಡು ಕ್ಲಾಸಿಗೆ ಹೊರಟಳು.

"ಯಾರಿಗಾದ್ರೂ ಕೊಡಿ ಮಾಸ್ಟರೇ. ನನಗೆ ಹತ್ತಲ್ಲ ಇದು."

ಮಾಸ್ಟರು ಚೀಲ ಮುಟ್ಟಲಿಲ್ಲ. "ಮನೇಲಿ ಹೇಗೆ ಮಾಡ್ತೀರ, ಒಂದ್ಸಲ ತೋರ್ಸಿ."

ಸಿಟ್ಟಿನಲ್ಲೇ ಮಾಡಿದಳು. ಅವರು ಮೊದಲಿಂದ ಕೊನೆಯವರೆಗೂ ನೋಡಿದರು; ಪರೀಕ್ಷೆಯಲ್ಲಿ ಒಮ್ಮೆಯೂ ಅಷ್ಟು ದೂರ ಬಿಟ್ಟಿರಲಿಲ್ಲ.

"ಅಕ್ಕಾ, ಒಂದೂ ತಪ್ಪಿಲ್ಲ. ಪೂರ್ತಿ ಉಲ್ಟಾ ಇದೆ, ಅಷ್ಟೇ. ವಿಡಿಯೋದಲ್ಲಿ ನಾನು ನಿಮ್ಮ ಎದುರಿಗೆ ನಿಂತಿದ್ದೀನಿ. ನನ್ನ ಎಡಗೈ ನಿಮ್ಮ ಬಲಗೈ ಕಡೆ ಬರುತ್ತಲ್ಲ, ನೀವು ಆ ಕೈಯನ್ನೇ ಎತ್ತಿದ್ದೀರ."

ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. ಹೊಲಿಗೆ ಕಲಿಯುವಾಗ ಒಮ್ಮೆ ಒಂದೇ ಅಂಗಿಗೆ ಎರಡೂ ಎಡತೋಳು ಕತ್ತರಿಸಿದ್ದಳು. ಅದಾದರೆ ಒಂದು ತುಂಡು ಬಟ್ಟೆಯಲ್ಲಿ ಮುಗಿದಿತ್ತು. ಇದು ಮೈಗೇ ಹತ್ತಿಕೊಂಡಿದೆ. ಬಿಚ್ಚಿ ಹೊಲಿಯುವುದು ಹೇಗೆ?

"ಮೊದಲೇ ಹೇಳಬಾರದಿತ್ತಾ?"

"ಗಾಬರಿಯಲ್ಲಿ ತಪ್ಪುತ್ತೀರಿ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಹೊಸದಾಗಿ ಸೇರಿದ ಮಕ್ಕಳು ಗಲಾಟೆ ಮಾಡುತ್ತಾ ನುಗ್ಗಿದರು. ಮಾಸ್ಟರು ತಲೆ ಕೆರೆದುಕೊಂಡರು. "ಇವರ ಕಡೆ ಬೆನ್ನು ಹಾಕಿ ತೋರಿಸಿದ್ರೆ ಹಿಂದೆ ಕಿತ್ತಾಡ್ತಾರೆ. ಎದುರು ನಿಂತ್ರೆ ನನಗೆ ತಿರುಗಿಸಿ ಮಾಡೋಕೆ ಬರಲ್ಲ. ನಿಮಗೆ ಅದೊಂದೇ ಬರೋದು. ಇವತ್ತೊಂದಿನ ಮುಂದೆ ನಿಲ್ತೀರಾ?"

"ಹಂಗಿಸ್ತಿದ್ದೀರಾ?"

"ಇಲ್ಲ ಅಕ್ಕ, ಸತ್ಯ ಹೇಳ್ತಿದ್ದೀನಿ."

ಹೋಗಲೆಂದು ನಿಂತಳು. ಅವಳು ಬಲಕ್ಕೆ ತಿರುಗಿದಳು. ಮಕ್ಕಳೆಲ್ಲ ಎಡಕ್ಕೆ ತಿರುಗಿದರು. ಮೂಗು ಸುರಿಸುತ್ತಿದ್ದ ಒಂದು ಪುಟ್ಟಿಯ ಎಡಗಾಲು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ತನ್ನ ಕಾಲು ಇಷ್ಟು ಕಾಲ ಕೊಡದಿದ್ದನ್ನು ಆ ಕಾಲು ಒಂದೇ ಏಟಿಗೆ ಕೊಟ್ಟಿತಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಆದರೂ ಕಟಾ ನಿಲ್ಲಿಸಲಿಲ್ಲ. ಅವಳು ನಿಲ್ಲಿಸಿದರೆ ಅವರೆಲ್ಲ ನಿಲ್ಲುತ್ತಿದ್ದರು.

ಮಕ್ಕಳು ಹೋದ ಮೇಲೆ ಕೇಳಿದಳು. "ನಂದು ಯಾವಾಗ ನೆಟ್ಟಗಾಗುತ್ತೆ?"

"ಹೇಳೋಕಾಗಲ್ಲ. ಕಲಿಯೋದಕ್ಕಿಂತ ಬಿಡೋದಕ್ಕೆ ಹೆಚ್ಚು ದಿನ ಹಿಡಿಯುತ್ತೆ."

ಅವಳು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ, ಫೋನು ಅವರ ಕೈಗಿಟ್ಟಳು.

"ಇನ್ನೊಂದು ವಿಡಿಯೋ ಮಾಡ್ಕೊಡಿ. ಬೆನ್ನಿಂದ. ನಿಮ್ಮ ಮುಖ ನೋಡಿ ನೋಡಿ ಸಾಕಾಗಿದೆ."