ಬರೀ ಜಂಬ ಅಂದುಕೊಂಡಿದ್ದರು

ಬೇಕರಿಯ ಮಾಸ್ಟರ್ ಅಂದರೆ ಊರಿಗೆಲ್ಲ ಗೊತ್ತು. ಅವರು ಕೇಕಿನ ಮೇಲೆ ಕ್ರೀಮಿನ ಗುಲಾಬಿ ಅರಳಿಸುವುದನ್ನು ನೋಡಲು ಜನ ಗಾಜಿನಾಚೆ ನಿಲ್ಲುತ್ತಿದ್ದರು. ಹೊಗಳಿದರೆ ಮಾಸ್ಟರ್ ಬೆಣ್ಣೆಯಂತೆ ಕರಗುವರು. ಕೇಕು ಸ್ವಲ್ಪ ಗಟ್ಟಿಯಾಗಿದೆ ಎಂದರೋ, ಆ ಗಿರಾಕಿಯ ಮುಖ ಮತ್ತೆ ನೋಡುತ್ತಿರಲಿಲ್ಲ. ಕೆಲಸದವರು ಮಾಡಿದ್ದು ಚೆನ್ನಾಗಿ ಬಂದರೆ ತಮ್ಮ ಹೆಸರು, ತಾವೇ ಸೀಯಿಸಿದರೂ ಅವರ ತಪ್ಪು. ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ನಮ್ಮ ಯಜಮಾನರಿಗೆ ಸ್ವಲ್ಪ ಜಂಬ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಂಡವರಿಗೆಲ್ಲ ಹೇಳಿ ಹೇಳಿ ಹೆಂಡತಿ ಸೋತಿದ್ದರು.

ಮಗಳಿಗೆ ಮಗು ಹುಟ್ಟಿತು. ಹುಟ್ಟಿದ ದಿನವೇ ತೀರಿಕೊಂಡಿತು. ಆಸ್ಪತ್ರೆಗೆ ಬಂದ ಮಾಸ್ಟರ್ ಅವಳ ಮಂಚದ ಪಕ್ಕ ಕೂತು, ಕೇಕ್ ಸ್ಪರ್ಧೆಯಲ್ಲಿ ತಮಗೆ ಬಹುಮಾನ ತಪ್ಪಿದ ಕಥೆ ತೆಗೆದರು. ತೀರ್ಪುಗಾರರಿಗೆ ಹೊಟ್ಟೆಕಿಚ್ಚು ಎಂದರು. ಮಗಳು ಅವರತ್ತ ತಿರುಗಿದಳು.

"ಅಪ್ಪಾ, ಇವತ್ತೊಂದಿನ ನನ್ನ ಮಾತು ಕೇಳ್ತೀಯಾ?"

ಮಾಸ್ಟರ್ ಮುಖ ಬಿಗಿಯಿತು. ತಮಗೆ ಅವಮಾನವಾಯಿತೆಂದು ಎದ್ದು ಹೋದರು, ಮಗಳೊಂದಿಗೆ ಮಾತು ಬಿಟ್ಟರು. ಅವಳೂ ತವರಿನ ಹೊಸಿಲು ತುಳಿಯಲಿಲ್ಲ.

ಅದೇ ಬೀದಿಗೆ ಇನ್ನೊಂದು ಬೇಕರಿ ಬಂದಾಗ ಗಿರಾಕಿಗಳು ಅತ್ತ ಹೋದರು. ಮಾಸ್ಟರ್ ಊಟ, ನಿದ್ದೆ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ತಾನು ಇದ್ದೇನು ಪ್ರಯೋಜನ ಎನ್ನತೊಡಗಿದರು. ಗಾಬರಿಯಾದ ಹೆಂಡತಿ ತಮ್ಮ ಅಕ್ಕನನ್ನು ಕರೆಸಿದರು. ಅಕ್ಕ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ಅವತ್ತೇ ತಂಗಿಯ ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಹಲವು ಸಲ ಮಾತಾಡಿಸಿದ ಮೇಲೆ ಡಾಕ್ಟರು, ಖಿನ್ನತೆಯ ಜೊತೆಗೆ ಸ್ವಮೋಹದ ವ್ಯಕ್ತಿತ್ವ ದೋಷವೂ ಇದೆ ಎಂದರು. ಹೆಂಡತಿ ನಂಬಲಿಲ್ಲ.

"ಜಂಬ ಯಾರಿಗಿಲ್ಲಕ್ಕ? ಹುಟ್ಟುಗುಣ ಸುಟ್ಟರೂ ಹೋಗಲ್ಲ. ಅದಕ್ಕೂ ಚಿಕಿತ್ಸೇನಾ?"

"ಜಂಬ ಇದ್ದೋರಿಗೆಲ್ಲ ಕಾಯಿಲೆ ಅನ್ನಕ್ಕಾಗಲ್ಲ ಕಣೆ. ಇವರಿಗೆ ಹೊಗಳಿಕೆ ಇಲ್ದಿದ್ರೆ ಉಸಿರು ಕಟ್ಟುತ್ತೆ. ಒಂದು ಮಾತು ಅಂದ್ರೆ ತಡ್ಕೊಳಲ್ಲ. ಎದುರಿಗಿರೋರ ನೋವು ತಟ್ಟೋದೇ ಕಷ್ಟ. ಹೊರಗೆ ಎದೆ ಉಬ್ಬಿಸ್ಕೊಂಡಿದ್ರೂ ಒಳಗೆ ಅಳುಕು."

"ಹಾಗಾದ್ರೆ ಮಗಳಿಗೆ ಮಾಡಿದ್ದು ತಪ್ಪಲ್ವಾ?"

"ತಪ್ಪೇ. ಕಾಯಿಲೆ ಅಂದ್ರೆ ಮಾಡಿದ್ದೆಲ್ಲ ಮಾಫಿ ಅಲ್ಲ. ನೀನೂ ಎಲ್ಲಾ ಸಹಿಸ್ಕೊಂಡು ಕೂರಬೇಕಾಗಿಲ್ಲ."

ಡಾಕ್ಟರು ಖಿನ್ನತೆಗೆ ಮಾತ್ರೆ ಕೊಟ್ಟರು. ಸ್ವಮೋಹಕ್ಕೆಂದೇ ಬೇರೆ ಮಾತ್ರೆಯಿಲ್ಲ, ಮನಶ್ಶಾಸ್ತ್ರಜ್ಞರ ಜೊತೆ ಬಹುಕಾಲ ಕೂತು ಮಾತಾಡಬೇಕು ಎಂದರು. ಮನಶ್ಶಾಸ್ತ್ರಜ್ಞೆ ಚಿಕ್ಕ ವಯಸ್ಸಿನವರು; ಆ ಹುಡುಗಿಗೆ ಏನು ಗೊತ್ತು ಎಂದು ಮಾಸ್ಟರ್ ನಡುವೆಯೇ ಎದ್ದು ಬಂದದ್ದೂ ಉಂಟು. ಬಿಟ್ಟರು, ಮತ್ತೆ ಹೋದರು. ಹೆಂಡತಿಯೂ ಬೇರೆಯಾಗಿ ಆಪ್ತಸಲಹೆ ಪಡೆದರು. ಗಂಡ ಕೂಗಾಡಿದರೆ ಅಲ್ಲಿಂದ ಎದ್ದು ಹೋಗುವುದನ್ನು ಕಲಿತರು. ಇದೆಲ್ಲಕ್ಕೆ ವರ್ಷದ ಮೇಲಾಯಿತು.

ಒಂದು ಮಧ್ಯಾಹ್ನ ಮಾಸ್ಟರ್ ಹೆಂಡತಿಯ ಜೊತೆ ಮಗಳ ಮನೆಗೆ ಹೋದರು. ಕೂತವರೇ ಅಂಗಡಿಯ ಮಾತು ಶುರುಮಾಡಿದರು. ಅರ್ಧಕ್ಕೆ ನಿಲ್ಲಿಸಿದರು.

"ಮಗು... ಯಾರ ಹಾಗಿತ್ತಮ್ಮ?"

"ತಲೆ ತುಂಬಾ ಕೂದಲಿತ್ತಪ್ಪ," ಎಂದಳು ಮಗಳು.

ಅವಳು ಅಳುತ್ತಾ ಎಲ್ಲವನ್ನೂ ಹೇಳಿದಳು. ಮಾಸ್ಟರ್ ಮಧ್ಯೆ ಬಾಯಿ ಹಾಕಲಿಲ್ಲ. ತವರಿಗೆ ಬಾ ಎಂದು ಕರೆಯುವ ಧೈರ್ಯ ಅವರಿಗಿರಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು. "ಇವರನ್ನ ಇನ್ನೂ ಮುಂಚೆ ಡಾಕ್ಟರಿಗೆ ತೋರಿಸಿದ್ದಿದ್ರೆ," ಎಂದು ತಾಯಿ ಹಿಂದಿರುಗುವ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡರು.

ನಿಮ್ಮ ಮನೆಯಲ್ಲೂ ಇಂಥವರು ಇರಬಹುದು. ಕಾಯಿಲೆಯ ಹೆಸರನ್ನು ನೀವೇ ಹಚ್ಚಬೇಡಿ, ಅದನ್ನು ಬೈಗುಳವಾಗಿಯೂ ಬಳಸಬೇಡಿ. ತಜ್ಞರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ. ಅವರು ಬರಲು ಒಪ್ಪದಿದ್ದರೆ ನೀವಾದರೂ ಹೋಗಿ ಸಲಹೆ ಕೇಳಿ. ಅವರ ಜೊತೆ ಬದುಕಿ ಬಳಲಿದ ನಿಮಗೂ ಆರೈಕೆ ಬೇಕು.